ಹುಟ್ಟುಗುಣ ಸುಟ್ಟರೂ ಹೋಗಲ್ವಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕೇಳುತ್ತಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ. ಮೊದಲ ಪತ್ರಕ್ಕೆ ಜಾಗ ಜಾಸ್ತಿ ಬೇಕಾಯಿತು.

ಪ್ರಶ್ನೆ: ಅಯ್ಯನವರಿಗೆ ಯೇಸುವಿನ ನಾಮದಲ್ಲಿ ವಂದನೆಗಳು. ನಾನು ರಕ್ಷಣೆ ಹೊಂದಿ ದೀಕ್ಷಾಸ್ನಾನ ಮಾಡಿಸಿಕೊಂಡು ಎಂಟು ವರ್ಷ ಆಯಿತು. ಮೊದಲ ಎರಡು ವರ್ಷ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ, ಅಷ್ಟು ಸಂತೋಷ. ಈಗ ನನ್ನ ಸ್ವಂತ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅವಳಿಗೆ ಒಳ್ಳೆಯದಾಯಿತು ಅಂತ ಕೇಳಿದರೆ ಬಾಯಲ್ಲಿ "ದೇವರಿಗೆ ಸ್ತೋತ್ರ" ಅನ್ನುತ್ತೇನೆ, ಒಳಗೆ ಉರಿಯುತ್ತದೆ. ಅವಳಿಗೆ ಇದು ಗೊತ್ತೇ ಇಲ್ಲ. ನನಗೆ ಮಾತ್ರ ನನ್ನ ಮೇಲೇ ಅಸಹ್ಯ. ಒಂದು ಕೂಟದಲ್ಲಿ ಬೋಧಕರೊಬ್ಬರು, "ವಿಶ್ವಾಸಿಗೆ ಪಾಪಸ್ವಭಾವ ಇಲ್ಲವೇ ಇಲ್ಲ, ಅದು ಶಿಲುಬೆಯಲ್ಲಿ ಸತ್ತುಹೋಯಿತು, ಇನ್ನೂ ಇದೆ ಅನ್ನುವವರು ಕ್ರಿಸ್ತನ ಕೆಲಸವನ್ನು ನಂಬದವರು" ಎಂದರು. ಅವತ್ತಿನಿಂದ ಪ್ರಾರ್ಥನೆಯಲ್ಲಿ "ಕ್ಷಮಿಸು" ಅನ್ನುವುದಕ್ಕೂ ಭಯ. ಮನೆಯಲ್ಲಿ ಹಿರಿಯರೊಬ್ಬರು, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣಮ್ಮ, ಸಾಯೋ ತನಕ ನಾವೆಲ್ಲ ಪಾಪಿಗಳೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅನ್ನುತ್ತಾರೆ. ಯಾವುದು ನಿಜ? ನಾನು ನಿಜವಾಗಲೂ ಹೊಸದಾಗಿ ಹುಟ್ಟಿದ್ದೇನಾ?
— ಹೆಸರು ಬೇಡ ಎಂದಿರುವ ಸಹೋದರಿ

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ?

ಅಕ್ಕನಿಗೆ ಗೊತ್ತಿಲ್ಲ, ಆದರೂ ನಿಮಗೆ ಅಸಹ್ಯ ಅಂತ ಬರೆದಿದ್ದೀರಿ. ಜನ ನೋಡಿಬಿಟ್ಟರು ಅನ್ನುವ ನಾಚಿಕೆ ಯಾರಿಗಾದರೂ ಆಗುತ್ತದೆ, ಅದಕ್ಕೆ ಹೊಸ ಜನ್ಮ ಬೇಕಿಲ್ಲ. ಆದರೆ ಯಾರೂ ನೋಡದ ಜಾಗದಲ್ಲಿ ಇರುವ ಒಂದು ಉರಿಯನ್ನು ದೇವರ ಮುಂದೆ ತೆಗೆದಿಡಬೇಕು ಅಂತ ನೀವು ಹಂಬಲಿಸುತ್ತಿದ್ದೀರಿ, ತೆಗೆದಿಡಲು ಬಿಡದ ಒಂದು ಬೋಧನೆ ಕೇಳಿ ಒದ್ದಾಡುತ್ತಿದ್ದೀರಿ. ಆ ಹಂಬಲ ನಿಮ್ಮೊಳಗೆ ತಾನಾಗಿ ಹುಟ್ಟಿದ್ದಲ್ಲ. ಗಲಾತ್ಯದವರಿಗೆ 5:17ರಲ್ಲಿ ಅಪೊಸ್ತಲ ಪೌಲ ಹೇಳುವುದು ಇದನ್ನೇ: ಶರೀರಭಾವ, ಅಂದರೆ ನಮ್ಮೊಳಗಿನ ಹಳೇ ಎಳೆತ, ಬಯಸುವುದು ಆತ್ಮನಿಗೆ ವಿರುದ್ಧ, ಆತ್ಮನು ಬಯಸುವುದು ಶರೀರಭಾವಕ್ಕೆ ವಿರುದ್ಧ. ಅವನು ಇದನ್ನು ಬರೆದದ್ದು ಪವಿತ್ರಾತ್ಮನನ್ನು ಹೊಂದಿದ್ದ ಜನರಿಗೆ. ಕಾದಾಟ ನಡೆಯಬೇಕಾದರೆ ಎರಡು ಕಡೆಯವರೂ ಇರಬೇಕು. ನಿಮ್ಮೊಳಗೆ ಆತ್ಮನು ಇಲ್ಲದೇ ಹೋಗಿದ್ದರೆ ಹೊಟ್ಟೆಕಿಚ್ಚು ಆರಾಮಾಗಿ ಕೂತಿರುತ್ತಿತ್ತು, ಅದಕ್ಕೆ ಎದುರು ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಈ ಹೋರಾಟವನ್ನು ನೋಡಿ "ನಾನು ಹುಟ್ಟಿಯೇ ಇಲ್ಲವೇನೋ" ಅಂತ ಹೆದರಬೇಡಿ.

ಇನ್ನು ಆ ಇಬ್ಬರ ಮಾತು. ಇಬ್ಬರೂ ಅರ್ಧ ಸರಿ, ಮತ್ತು ಇಬ್ಬರ ಅರ್ಧವೂ ನಿಮಗೆ ನೋವು ಕೊಟ್ಟಿದೆ. ಗಂಟು ಇರುವುದು "ಸ್ವಭಾವ" ಅನ್ನುವ ಪದದಲ್ಲಿ.

ಬೋಧಕರು ಹಿಡಿದುಕೊಂಡಿದ್ದು ಬಹುಶಃ ರೋಮಾಪುರದವರಿಗೆ 6:6. ನಮ್ಮ ಕನ್ನಡ ಸತ್ಯವೇದದಲ್ಲಿ ಅಲ್ಲಿ "ನಮ್ಮ ಪೂರ್ವಸ್ವಭಾವವು" ಕ್ರಿಸ್ತನ ಕೂಡ ಶಿಲುಬೆಗೆ ಹಾಕಲ್ಪಟ್ಟಿತು ಅನ್ನುವ ಅರ್ಥದ ಮಾತಿದೆ. ಓದಿದ ಕೂಡಲೇ ಏನನ್ನಿಸುತ್ತದೆ? ಹಳೇ ಸ್ವಭಾವ ಸತ್ತುಹೋಯಿತು, ಮುಗಿಯಿತು. ಆದರೆ ಪೌಲ ಬರೆದ ಗ್ರೀಕ್ ಮಾತು "ಪಲಯೊಸ್ ಆಂಥ್ರೊಪೊಸ್", ಅಂದರೆ ನೇರವಾಗಿ "ಹಳೇ ಮನುಷ್ಯ". ಎಫೆಸದವರಿಗೆ 4:22ರಲ್ಲೂ ಕೊಲೊಸ್ಸೆಯವರಿಗೆ 3:9ರಲ್ಲೂ ಅದೇ ಮಾತು. ಆದಾಮನಿಗೆ ಸೇರಿದವಳಾಗಿ, ಪಾಪದ ಕೈಕೆಳಗೆ, ತೀರ್ಪಿನ ಕೆಳಗೆ ಇದ್ದ ಆ ಹಳೆಯ ನೀವು, ಆ ಇಡೀ ವ್ಯಕ್ತಿ. ಅವಳು ಕ್ರಿಸ್ತನ ಜೊತೆ ಸತ್ತಳು. ಅದು ನಿಜ, ಅದನ್ನು ಒಂದು ಚೂರೂ ಕಡಿಮೆ ಮಾಡಿ ಹೇಳಬಾರದು. ಆದರೆ ಅದೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ನಾವು ಪಾಪದ ಪಾಲಿಗೆ ಸತ್ತೆವು ಅಂತ ಇದೆ. ಪಾಪ ಸತ್ತಿತು ಅಂತ ಎಲ್ಲೂ ಇಲ್ಲ. ಆರು ವಚನ ದಾಟಿದರೆ, 12ರಲ್ಲಿ, ನಿಮ್ಮ ಸಾಯುವ ದೇಹದಲ್ಲಿ ಪಾಪವು ಆಳದಂತೆ ನೋಡಿಕೊಳ್ಳಿ ಅನ್ನುತ್ತಾನೆ. ಇಲ್ಲದೇ ಇರುವುದು ಆಳಲು ಹೇಗೆ ಸಾಧ್ಯ? ಅದು ಇನ್ನೂ ಇದೆ, ಗದ್ದುಗೆ ಮಾತ್ರ ಹೋಗಿದೆ, ಮತ್ತೆ ಹತ್ತಿ ಕೂರಲು ನೋಡುತ್ತಿದೆ. ಅದಕ್ಕೇ ಆ ಎಚ್ಚರಿಕೆ.

ಅದೇ 6:6ರಲ್ಲಿ ಪಾಪಾಧೀನ ದೇಹಕ್ಕೆ ಏನಾಯಿತು ಅಂತ ಹೇಳುವ ಗ್ರೀಕ್ ಕ್ರಿಯಾಪದ "ಕತಾರ್ಗೆಯೊ". ಅದನ್ನು "ನಾಶ" ಅಂತ ಅನುವಾದಿಸುವುದುಂಟು, ತಪ್ಪೇನಲ್ಲ. ಆದರೆ ಅದರ ಮೂಲ ಅರ್ಥ ಕೆಲಸಕ್ಕೆ ಬಾರದಂತೆ ಮಾಡು, ಬಲ ಇಲ್ಲದಂತೆ ಮಾಡು ಅಂತ. ಲೂಕ 13:7ರಲ್ಲಿ ಹಣ್ಣು ಬಿಡದ ಅಂಜೂರದ ಮರ ಸುಮ್ನೆ ನೆಲವನ್ನು ಹಾಳು ಮಾಡುತ್ತಿದೆ ಅನ್ನುವ ಕಡೆ ಬರುವುದೂ ಇದೇ ಪದ. ಅಲ್ಲಿ ನೆಲ ಮಾಯವಾಗಿಲ್ಲ, ಉಪಯೋಗಕ್ಕೆ ಬಾರದೆ ಬಿದ್ದಿದೆ ಅಷ್ಟೇ.

ಹಾಗಾದರೆ ನಮ್ಮೊಳಗೆ ಉಳಿದಿರುವುದಕ್ಕೆ ಪೌಲ ಏನಂತ ಕರೆಯುತ್ತಾನೆ? ಹೆಚ್ಚಾಗಿ "ಸಾರ್ಕ್ಸ್" ಅಂತ. ಅಕ್ಷರಶಃ ಮಾಂಸ. ಕನ್ನಡದಲ್ಲಿ ಇದಕ್ಕೆ "ಶರೀರಭಾವ" ಅಂತ ಹಾಕಿದ್ದಾರೆ, ನನಗೆ ಆ ಪದ ತುಂಬ ಇಷ್ಟ. ಇಂಗ್ಲಿಷಿನ ಎನ್‌ಐವಿ ಬೈಬಲ್ ಅನುವಾದ 1978ರಲ್ಲಿ ಪೂರ್ತಿಯಾಗಿ ಹೊರಬಂದಾಗ ಪೌಲನ ಪತ್ರಿಕೆಗಳಲ್ಲಿ ಇದನ್ನು ಬಹಳ ಕಡೆ "ಪಾಪಸ್ವಭಾವ" ಅನ್ನುವ ಅರ್ಥದ ಮಾತಿನಿಂದ ಅನುವಾದಿಸಿದರು. ಆ ಅನುವಾದ ಓದಿ ಬೆಳೆದ ಬೋಧಕರ ಬಾಯಲ್ಲಿ ಆ ಮಾತು ಗಟ್ಟಿಯಾಗಿ ಕೂತಿತು. 2011ರ ಪರಿಷ್ಕರಣೆಯಲ್ಲಿ ಬಹುಪಾಲು ಕಡೆ ಅದನ್ನು ತೆಗೆದು ಮತ್ತೆ ಮಾಂಸ ಅನ್ನುವ ಪದಕ್ಕೇ ಮರಳಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾವು ಬಡಿದಾಡುವ ಎಷ್ಟೋ ಪ್ರಶ್ನೆಗಳು ಅನುವಾದದ ಒಂದು ಪದದಿಂದ ಹುಟ್ಟಿರುತ್ತವೆ, ಇಬ್ಬರು ಒಂದೇ ಪದ ಹಿಡಿದುಕೊಂಡು ಎರಡು ಬೇರೆ ವಿಷಯ ಮಾತಾಡುತ್ತಿರುತ್ತಾರೆ.

ಶರೀರಭಾವ ಅಂದ ಕೂಡಲೇ ದೇಹವೇ ಕೆಟ್ಟದ್ದು ಅಂದುಕೊಳ್ಳಬೇಡಿ. ಯೋಹಾನ 1:14ರಲ್ಲಿ ವಾಕ್ಯವೆಂಬಾತನು ನರಾವತಾರ ಎತ್ತಿದನು ಅನ್ನುವ ಕಡೆ ಗ್ರೀಕಿನಲ್ಲಿ ಇರುವುದೂ ಇದೇ ಸಾರ್ಕ್ಸ್. ದೇವಕುಮಾರನೇ ಅದನ್ನು ತೊಟ್ಟುಕೊಂಡ. ಗಲಾತ್ಯ 5ರಲ್ಲಿ ಶರೀರಭಾವದ ಕೆಲಸಗಳು ಅಂತ 15 ಹೆಸರು ಬರುತ್ತವೆ. ಎಣಿಸಿ ನೋಡಿ, ಅದರಲ್ಲಿ ಎಂಟು ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಪಕ್ಷ ಕಟ್ಟುವುದು, ಇಂಥವೇ. ನಿಮ್ಮದೂ ಅಲ್ಲೇ ಇದೆ. ಆದ್ದರಿಂದ ಇದು ಚರ್ಮ ಮೂಳೆಯ ಮಾತಲ್ಲ. ದೇವರನ್ನು ಬಿಟ್ಟು ನಮ್ಮನ್ನೇ ನೆಚ್ಚಿಕೊಂಡು, ನಮ್ಮನ್ನೇ ನಡುವೆ ಇಟ್ಟುಕೊಂಡು ಬದುಕುವ ಆ ಹಳೇ ಎಳೆತ.

ಈಗ ಮನೆಯ ಹಿರಿಯರ ಗಾದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಗಾದೆ ಸುಳ್ಳಲ್ಲ, ಸುಡುವುದರಿಂದ ನಿಜಕ್ಕೂ ಹೋಗಲ್ಲ. ಉಪವಾಸ, ಹಟ, ಹೊಸ ವರ್ಷದ ತೀರ್ಮಾನ, ತನ್ನನ್ನು ತಾನೇ ಬೈದುಕೊಳ್ಳುವುದು, ಯಾವುದರಿಂದಲೂ ಹೋಗಲ್ಲ. ಅದಕ್ಕೇ ಯೇಸು ತನ್ನ ಹತ್ತಿರ ಬಂದ ಯೆಹೂದಿ ಹಿರಿಯ ನಿಕೊದೇಮನಿಗೆ ಸುಡುವ ದಾರಿ ಹೇಳಲಿಲ್ಲ. ಹೊಸದಾಗಿ ಹುಟ್ಟಬೇಕು ಅಂದ. ಗುಣ ಹುಟ್ಟಿನಿಂದ ಬಂದಿದ್ದರೆ ಅದನ್ನು ಬದಲಿಸಲು ಇನ್ನೊಂದು ಹುಟ್ಟೇ ಬೇಕು. ಎಫೆಸದವರಿಗೆ 2:3ರಲ್ಲಿ ಪೌಲ "ಫ್ಯೂಸಿಸ್" ಅನ್ನುವ ಪದ ಬಳಸುತ್ತಾನೆ, ಇದು ನಿಜವಾಗಿ ಸ್ವಭಾವ, ಹುಟ್ಟುಗುಣ ಅನ್ನುವ ಪದ. ನಾವು ಹುಟ್ಟಿನಿಂದ ದೇವರ ಕೋಪಕ್ಕೆ ಗುರಿಯಾಗಿದ್ದೆವು ಅನ್ನುತ್ತಾನೆ. ಇದ್ದೆವು. ಹಿಂದಿನ ಮಾತು. 2 ಪೇತ್ರ 1:4ರಲ್ಲಿ ಅದೇ ಪದ ಮತ್ತೆ ಬರುತ್ತದೆ, ಈ ಸಲ ವಿಶ್ವಾಸಿಗಳು ದೇವಸ್ವಭಾವದಲ್ಲಿ ಪಾಲುಗಾರರಾಗುತ್ತಾರೆ ಅಂತ. ಇದನ್ನು ಓದಿದ ಮೇಲೂ "ನಾವೆಲ್ಲ ಪಾಪಿಗಳೇ ಬಿಡು" ಅಂತ ಕೈಚೆಲ್ಲಿ ಕೂರುವುದು ದೇವರು ಮಾಡಿದ್ದನ್ನು ಮಾಡೇ ಇಲ್ಲ ಅಂದ ಹಾಗೆ. ಕೊರಿಂಥದವರನ್ನೇ ನೋಡಿ. ಮೊದಲ ಪತ್ರಿಕೆಯ 3:3ರಲ್ಲಿ ಪೌಲ ಅವರನ್ನು ತರಾಟೆಗೆ ತಗೊಳ್ಳುವುದು ಹೊಟ್ಟೆಕಿಚ್ಚು ಮತ್ತು ಜಗಳದ ವಿಷಯಕ್ಕೇ, ನೀವಿನ್ನೂ ಶರೀರಭಾವದವರು ಅನ್ನುತ್ತಾನೆ. ಆದರೆ ಅದೇ ಪತ್ರಿಕೆಯ 1:2ರಲ್ಲಿ ಅವರನ್ನೇ ಕ್ರಿಸ್ತ ಯೇಸುವಿನಲ್ಲಿ ಪವಿತ್ರರಾದವರು ಅಂತ ಕರೆದಿದ್ದಾನೆ. ಎರಡೂ ನಿಜ. ಮೊದಲು ಯಾವುದನ್ನು ಹೇಳಿದ ಅನ್ನುವುದನ್ನು ಗಮನಿಸಿ.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬಾಕೆ ಒಂದು ದೇಶ ಬಿಟ್ಟು ಇನ್ನೊಂದು ದೇಶದ ಪೌರತ್ವ ತಗೊಂಡಳು ಅಂತಿಟ್ಟುಕೊಳ್ಳಿ. ಆ ಪತ್ರ ಕೈಗೆ ಬಂದ ದಿನವೇ ಅವಳು ಪೂರ್ತಿ ಹೊಸ ದೇಶದವಳು, ಮುಕ್ಕಾಲು ಪಾಲು ಅಲ್ಲ. ಹಳೇ ದೇಶದ ಸರ್ಕಾರ ಅವಳಿಗೆ ಆಜ್ಞೆ ಕೊಡುವ ಹಾಗಿಲ್ಲ. ಆದರೆ ನಾಲಿಗೆ? ಹೊಸ ಭಾಷೆ ಮಾತಾಡುವಾಗ ಹಳೇ ಧಾಟಿ ಇಣುಕುತ್ತದೆ, ಸಿಟ್ಟು ಬಂದಾಗ, ಅರೆನಿದ್ದೆಯಲ್ಲಿ, ಹಳೇ ಭಾಷೆಯೇ ಬಾಯಿಗೆ ಬರುತ್ತದೆ. ಅದನ್ನು ಕೇಳಿ ಯಾರಾದರೂ "ನೀನು ಈ ದೇಶದವಳೇ ಅಲ್ಲ" ಅಂದರೆ ಅದು ಸುಳ್ಳು. "ನಿನ್ನ ಬಾಯಲ್ಲಿ ಹಳೇ ಭಾಷೆ ಬರುವುದೇ ಇಲ್ಲ" ಅಂದರೆ ಅದೂ ಸುಳ್ಳು. ಕತ್ತಲೆಯ ದೊರೆತನದಿಂದ ಬಿಡಿಸಿ ತನ್ನ ಪ್ರಿಯ ಕುಮಾರನ ರಾಜ್ಯದೊಳಗೆ ಸೇರಿಸಿದನು ಅಂತ ಕೊಲೊಸ್ಸೆಯವರಿಗೆ 1:13 ಹೇಳುವುದು ಮುಗಿದ ಕೆಲಸದ ಬಗ್ಗೆ. ಅದೇ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ನೀವು ಸತ್ತಿರಲ್ಲಾ ಅಂದು, ಎರಡು ವಚನ ಆದಮೇಲೆ ಆದ್ದರಿಂದ ಇಂಥಿಂಥವನ್ನು ಸಾಯಿಸಿರಿ ಅನ್ನುತ್ತಾನೆ. ನನ್ನ ಉದಾಹರಣೆ ಒಂದು ಕಡೆ ಸಾಲದು, ಅದನ್ನೂ ಹೇಳಿಬಿಡಬೇಕು: ಮಾತಿನ ಧಾಟಿಯಿಂದ ಯಾರಿಗೂ ಕೇಡಿಲ್ಲ. ಶರೀರಭಾವ ಹಾಗಲ್ಲ, ಮುದ್ದು ಮಾಡಿ ಇಟ್ಟುಕೊಂಡರೆ ಅದು ಮನೆಯನ್ನೇ ನುಂಗುತ್ತದೆ.

ಈ ವಿಷಯದಲ್ಲಿ ಸಭೆಯ ಇತಿಹಾಸ ನೋಡಿದರೆ ನನಗೆ ಪ್ರತಿ ಸಲವೂ ಧೈರ್ಯ ಬರುತ್ತದೆ. ನಿಮ್ಮ ಹಾಗೆ "ಕ್ಷಮಿಸು ಅನ್ನಬಹುದಾ" ಅಂತ ಕೇಳಿದವರು ಸಾವಿರದ ಆರುನೂರು ವರ್ಷ ಹಿಂದೆಯೇ ಇದ್ದರು. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ಪಟ್ಟಣದಲ್ಲಿ ಆಫ್ರಿಕದ ಬಿಷಪ್ಪರು ಸೇರಿದಾಗ ಇದು ಅವರ ಮುಂದೆ ಬಂತು. ಭಕ್ತರು "ನಮ್ಮ ತಪ್ಪುಗಳನ್ನು ಕ್ಷಮಿಸು" ಅಂತ ಪ್ರಾರ್ಥಿಸುವುದು ಬರೀ ವಿನಯಕ್ಕೆ, ಅವರಿಗೆ ನಿಜವಾಗಿ ಅದು ಬೇಕಿಲ್ಲ ಅನ್ನುವ ಬೋಧನೆಯನ್ನು ಆ ಸಭೆ ಖಂಡಿಸಿತು. ಅವರು ಅದನ್ನು ನಿಜವಾಗಿಯೇ ಹೇಳುತ್ತಾರೆ ಅಂತ ತೀರ್ಮಾನ ಮಾಡಿತು. ಸಾವಿರಕ್ಕೂ ಹೆಚ್ಚು ವರ್ಷ ಆದಮೇಲೆ ಜರ್ಮನಿಯ ಸುಧಾರಕ ಲೂಥರ್ ಬಂದ, ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಹೌದು ಪಾಪಿಯೂ ಹೌದು ಅಂದ. ಅವನು ತೀರಿಕೊಂಡ 1546ರಲ್ಲೇ, ಅವನಿಗೆ ವಿರುದ್ಧವಾಗಿ ನಿಂತಿದ್ದ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಏನು ಹೇಳಿತು ಗೊತ್ತಾ? ದೀಕ್ಷಾಸ್ನಾನ ಆದವರಲ್ಲೂ ಒಂದು ಎಳೆತ ಉಳಿದಿರುತ್ತದೆ, ಹೋರಾಡಲೆಂದೇ ಅದು ಉಳಿದಿದೆ, ಅದಕ್ಕೆ ಒಪ್ಪಿಗೆ ಕೊಡದವರಿಗೆ ಅದು ಕೇಡು ಮಾಡಲಾರದು ಅಂತ. ಅದಕ್ಕೆ ಅವರು ಬಳಸಿದ ಒಂದು ಲ್ಯಾಟಿನ್ ಪದದ ಅರ್ಥ, ಕಿಡಿ ಬಿದ್ದರೆ ಹೊತ್ತಿಕೊಳ್ಳುವ ಒಣ ಸಾಮಗ್ರಿ. ಅದನ್ನೇ ಪಾಪ ಅನ್ನಬೇಕಾ ಬೇಡವಾ ಅನ್ನುವುದರಲ್ಲಿ ಎರಡೂ ಕಡೆಯವರಿಗೆ ದೊಡ್ಡ ಜಗಳ. ಲೂಥರನ ಕಡೆಯವರು ಪಾಪವೇ ಅಂದರು, ಟ್ರೆಂಟ್ ಇಲ್ಲ ಅಂದಿತು, ಪಾಪದಿಂದ ಬಂದದ್ದು ಪಾಪಕ್ಕೆ ಎಳೆಯುವಂಥದ್ದು ಅಂದಿತು. ಆದರೆ ಏನೂ ಉಳಿದಿಲ್ಲ ಅಂತ ಇಬ್ಬರೂ ಹೇಳಲಿಲ್ಲ.

ಇನ್ನೂ ಒಬ್ಬರು, ಮೆಥಡಿಸ್ಟ್ ಚಳವಳಿ ಶುರುಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ. ವಿಶ್ವಾಸಿ ಈ ಬದುಕಿನಲ್ಲೇ ಪ್ರೀತಿಯಲ್ಲಿ ಪೂರ್ಣನಾಗಬಹುದು ಅಂತ ಕಲಿಸಿದವರು. ನಂಬಿದ ಕ್ಷಣದಲ್ಲೇ ಪೂರ್ತಿ ಶುದ್ಧರಾಗಿಬಿಟ್ಟೆವು, ಒಳಗೆ ಏನೂ ಉಳಿದಿಲ್ಲ ಅನ್ನುವ ಮಾತು ಅವರ ಕಾಲದಲ್ಲೂ ಹಬ್ಬಿತ್ತು. ಬೇರೆ ಯಾರೂ ಒಪ್ಪದಿದ್ದರೂ ವೆಸ್ಲಿ ಅದನ್ನು ಒಪ್ಪುತ್ತಾರೆ ಅಂದುಕೊಳ್ಳುತ್ತೀರಿ. ಇಲ್ಲ. 1763ರಲ್ಲಿ ವಿಶ್ವಾಸಿಗಳಲ್ಲಿರುವ ಪಾಪದ ಬಗ್ಗೆಯೇ ಒಂದು ಪ್ರಸಂಗ ಬರೆದು, ಹೊಸದಾಗಿ ಹುಟ್ಟಿದವನಲ್ಲಿ ಪಾಪ ಆಳುವುದಿಲ್ಲ, ಆದರೆ ಉಳಿದಿರುತ್ತದೆ ಅಂತ ವಾದಿಸಿದರು. ನೀವು ಕೂಟದಲ್ಲಿ ಕೇಳಿದ ಬೋಧನೆ ಹೊಸ ಬೆಳಕೇನಲ್ಲ. ಮೊದಲೇ ಹಲವು ಸಲ ಬಂದು, ಹಲವು ಸಲ ತಪ್ಪೆಂದು ಕಂಡಿದೆ.

ಹಾಗಾಗಿ "ಕ್ಷಮಿಸು" ಅನ್ನಿ. ಇವತ್ತೇ ಅನ್ನಿ. ನಮ್ಮಲ್ಲಿ ಪಾಪವಿಲ್ಲ ಅಂದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ ಅಂತ 1 ಯೋಹಾನ 1:8 ಹೇಳುವುದು ಹೊರಗಿನವರಿಗಲ್ಲ, ಅಪೊಸ್ತಲ ತನ್ನನ್ನೂ ಸೇರಿಸಿಕೊಂಡು "ನಾವು" ಅನ್ನುತ್ತಾನೆ. ಯೇಸು ಕಲಿಸಿದ ಪ್ರಾರ್ಥನೆ "ತಂದೆಯೇ" ಅಂತ ಶುರುವಾಗುತ್ತದೆ. ತಪ್ಪು ಕ್ಷಮಿಸು ಅನ್ನುವುದು ಮಕ್ಕಳ ಮಾತು. ಕ್ಷಮೆ ಕೇಳಿದರೆ ಶಿಲುಬೆಗೆ ಅವಮಾನ ಆಗಲ್ಲ, ಕೇಳುವ ಧೈರ್ಯ ಬಂದದ್ದೇ ಶಿಲುಬೆಯಿಂದ.

ಮತ್ತೆ ಅಕ್ಕನ ವಿಷಯ. ರಾಹೇಲಳೂ ಅಕ್ಕ ಲೇಯಳ ಮೇಲೆ ಹೊಟ್ಟೆಕಿಚ್ಚು ಪಟ್ಟಳು, ಅದು ಬೆಳೆದು ಇಡೀ ಮನೆಯೇ ಎರಡು ಪಕ್ಷ ಆಯಿತು. ಕಾಯಿನನಿಗೆ ತಮ್ಮನ ಮೇಲೆ ಉರಿ ಹತ್ತಿದಾಗ ಅವನು ಕೈ ಎತ್ತುವ ಮೊದಲೇ ದೇವರು ಬಂದು ಮಾತಾಡಿದ, ಪಾಪ ಬಾಗಿಲಲ್ಲಿ ಹೊಂಚುಹಾಕಿದೆ, ನೀನು ಅದನ್ನು ಗೆಲ್ಲಬೇಕು ಅಂದ. ಉರಿ ಹುಟ್ಟುವುದಕ್ಕೂ ಅದಕ್ಕೆ ಬಾಗಿಲು ತೆಗೆಯುವುದಕ್ಕೂ ನಡುವೆ ಒಂದು ಹೊತ್ತು ಇದೆ. ನೀವು ಕೆಲಸ ಮಾಡಬೇಕಾದದ್ದು ಆ ಹೊತ್ತಿನಲ್ಲಿ. ಉರಿ ಬಂದ ಕೂಡಲೇ "ನನಗೆ ಹೊಟ್ಟೆಕಿಚ್ಚಾಗಿದೆ ತಂದೆಯೇ" ಅಂತ ಅದರ ಹೆಸರು ಹೇಳಿಯೇ ಪ್ರಾರ್ಥಿಸಿ, "ಬೇಜಾರು" "ಒಂಥರಾ ಆಗ್ತಿದೆ" ಅಂತ ಮೆತ್ತಗೆ ಮಾಡಬೇಡಿ. ಆಮೇಲೆ ಅಕ್ಕನಿಗೋಸ್ಕರ ಬೇಡಿಕೊಳ್ಳಿ, ಅವಳಿಗೆ ಸಿಕ್ಕ ಒಳ್ಳೆಯದು ಉಳಿಯಲಿ ಅಂತ. ಮೊದಮೊದಲು ಬಾಯಿ ಕಹಿಯಾಗುತ್ತದೆ. ನಂಬಿಕೆಗೆ ಯೋಗ್ಯರಾದ ಒಬ್ಬ ಹಿರಿಯ ಸಹೋದರಿಯ ಹತ್ತಿರ ಹೇಳಿಕೊಂಡು ಅವರನ್ನೂ ಜೊತೆಗೆ ಪ್ರಾರ್ಥಿಸಲು ಕೇಳಿ. ರೋಮಾಪುರದವರಿಗೆ 8:13ರಲ್ಲಿ ದೇಹದ ದುಷ್ಕೃತ್ಯಗಳನ್ನು ಆತ್ಮನಿಂದ ಸಾಯಿಸುವುದರ ಬಗ್ಗೆ ಇದೆ, ಗ್ರೀಕಿನಲ್ಲಿ ಅದು ಸಾಯಿಸುತ್ತಾ ಇರುವುದು, ಒಂದೇ ಸಲ ಮುಗಿಸಿಬಿಡುವುದಲ್ಲ.

ಪ್ರಶ್ನೆ: ಬ್ರದರ್, ನನ್ನ ಗೆಳೆಯನೊಬ್ಬ ತಪ್ಪು ಮಾಡಿದಾಗಲೆಲ್ಲ ರೋಮಾಪುರದವರಿಗೆ 7:17 ಹೇಳುತ್ತಾನೆ, "ಮಾಡಿದ್ದು ನಾನಲ್ಲ, ನನ್ನಲ್ಲಿರುವ ಪಾಪ" ಅಂತ. ಅವನಿಗೆ ಏನು ಹೇಳಲಿ? ಅಲ್ಲಿ ಪೌಲ ಮಾತಾಡುತ್ತಿರುವುದು ವಿಶ್ವಾಸಿಯಾಗುವ ಮೊದಲಿನ ಬದುಕಿನ ಬಗ್ಗೆಯೋ ಆಮೇಲಿನ ಬಗ್ಗೆಯೋ?
— ಯುವಕರ ಗುಂಪಿನ ಒಬ್ಬ ಓದುಗ

ಉತ್ತರ: ಎರಡನೇ ಪ್ರಶ್ನೆ ಮೊದಲು. ದೊಡ್ಡ ದೊಡ್ಡವರೇ ಇದರಲ್ಲಿ ಒಪ್ಪಿಲ್ಲ. ಹಳೇ ಕಾಲದ ಆಫ್ರಿಕದ ಬಿಷಪ್ ಅಗಸ್ಟೀನ್ ಶುರುವಿನಲ್ಲಿ ಇದು ಇನ್ನೂ ಕೃಪೆಗೆ ಬಾರದವನ ಮಾತು ಅಂತ ಓದಿದ, ಮುಂದೆ ಮನಸ್ಸು ಬದಲಿಸಿ ಇದು ಅಪೊಸ್ತಲನ ಸ್ವಂತ ಮಾತು ಅಂದ. 13ನೇ ವಚನದ ತನಕ ಹಿಂದೆ ನಡೆದದ್ದರ ಮಾತು, 14ರಿಂದ "ನಾನು ಹೀಗಿದ್ದೇನೆ" ಅಂತ ಈಗಿನ ಮಾತು. ಒಳಗಿನ ಮನುಷ್ಯನು ದೇವರ ನಿಯಮದಲ್ಲಿ ಆನಂದಪಡುತ್ತಾನೆ ಅಂತಲೂ ಇದೆ. ಇದನ್ನು ನೋಡಿದರೆ ವಿಶ್ವಾಸಿಯೇ ಅನ್ನಿಸುತ್ತದೆ. ಆದರೆ ಪಾಪಕ್ಕೆ ಮಾರಲ್ಪಟ್ಟವನು ಅಂತಲೂ ಅಲ್ಲೇ ಇದೆ, ಆರನೇ ಅಧ್ಯಾಯದಲ್ಲಿ ಬಿಡುಗಡೆಯಾಯಿತು ಅಂದಿದ್ದನಲ್ಲಾ, ಅದು ಇಲ್ಲಿ ಹೊಂದಲ್ಲ. ಎಂಟನೇ ಅಧ್ಯಾಯದ ತುಂಬ ಪವಿತ್ರಾತ್ಮನ ಹೆಸರಿದೆ, 7:14ರಿಂದ 25ರ ತನಕ ಒಂದು ಸಲವೂ ಇಲ್ಲ. ನನ್ನ ಒಲವು ಇಷ್ಟು: ಇದು ದೇವರನ್ನು ಪ್ರೀತಿಸುವ ಮನುಷ್ಯ ತನ್ನ ಸ್ವಂತ ಬಲದಿಂದ ಆಜ್ಞೆ ಪಾಲಿಸಲು ಹೊರಟಾಗ ಕಾಣುವ ಚಿತ್ರ. ನೀವು ಬೇರೆ ಥರ ಓದಿದರೂ ಪರವಾಗಿಲ್ಲ, ಯಾಕೆಂದರೆ ವಿಶ್ವಾಸಿಯ ಒಳಗೆ ಹೋರಾಟ ಇದೆ ಅನ್ನುವುದಕ್ಕೆ ಗಲಾತ್ಯ 5:17 ಒಂದೇ ಸಾಕು.

ಗೆಳೆಯನ ವಿಷಯ. 17ನೇ ವಚನ ಹೇಳುವವನು 24ನೇ ವಚನವನ್ನೂ ಹೇಳುತ್ತಾನಾ ಅಂತ ಕೇಳಿ. ಅಯ್ಯೋ, ನಾನು ಎಂಥ ದುರವಸ್ಥೆಯಲ್ಲಿರುವ ಮನುಷ್ಯ, ನನ್ನನ್ನು ಬಿಡಿಸುವವರು ಯಾರು ಅಂತ ಪೌಲ ಗೋಳಾಡುತ್ತಾನೆ. ತಪ್ಪಿಸಿಕೊಳ್ಳಲು ನೆಪ ಹುಡುಕುವವನು ಹಾಗೆ ಅಳುವುದಿಲ್ಲ. ಏದೆನಿನಲ್ಲಿ ಆದಾಮ, ನೀನು ಕೊಟ್ಟ ಆ ಹೆಂಗಸು ಅಂದ. ಪ್ರವಾದಿ ನಾತಾನ ಎದುರು ನಿಂತು ತಪ್ಪು ತೋರಿಸಿದಾಗ ದಾವೀದ, ನಾನು ಪಾಪಮಾಡಿದ್ದೇನೆ ಅಂದ. ಪೌಲ "ನಾನಲ್ಲ" ಅನ್ನುವುದು ಪಾಪ ನನ್ನ ಯಜಮಾನನಲ್ಲ, ನಾನು ಅದರ ಪಕ್ಷದವನಲ್ಲ ಅನ್ನುವ ಅರ್ಥದಲ್ಲಿ. ಹೊಣೆ ನನ್ನದಲ್ಲ ಅನ್ನುವ ಅರ್ಥದಲ್ಲಿ ಅಲ್ಲ. ಗೆಳೆಯನಿಂದ ಯಾರಿಗಾದರೂ ನೋವಾಗಿದ್ದರೆ ಅವರ ಹತ್ತಿರ ಹೋಗಿ "ನಾನೇ ಮಾಡಿದ್ದು" ಅನ್ನಲು ಹೇಳಿ. ಒಬ್ಬನೇ ಹೋಗಲು ಹಿಂಜರಿದರೆ ನೀವೂ ಜೊತೆಗೆ ಹೋಗಿ.

ಪ್ರಶ್ನೆ: ತಂದೆ ತಾಯಿ ಇಬ್ಬರೂ ಹೊಸದಾಗಿ ಹುಟ್ಟಿದವರಾದರೆ ಅವರ ಮಗು ಪಾಪವಿಲ್ಲದೆ ಹುಟ್ಟಬೇಕಲ್ವಾ?
— ಈಗಷ್ಟೇ ತಾಯಿಯಾದ ಓದುಗರು

ಉತ್ತರ: ಇಲ್ಲಮ್ಮ. ಹೊಟ್ಟು ತೆಗೆದ ಗೋಧಿಯನ್ನೇ ಬಿತ್ತಿದರೂ ಬರುವ ತೆನೆಯಲ್ಲಿ ಮತ್ತೆ ಹೊಟ್ಟು ಇರುತ್ತದೆ. ಇದೇ ಪ್ರಶ್ನೆಗೆ ಅಗಸ್ಟೀನ್ ಕೊಟ್ಟ ಉದಾಹರಣೆ ಇದು, ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರಲ್ಲ. ಹೊಸ ಜನ್ಮ ರಕ್ತದಿಂದ ಬರುವುದಲ್ಲ ಅಂತ ಯೋಹಾನ 1:13 ಹೇಳುತ್ತದೆ. ನಿಮ್ಮಿಂದ ಮಗುವಿಗೆ ಹೋಗುವುದು ನಿಮ್ಮ ಮೊದಲನೇ ಹುಟ್ಟು. ಎರಡನೆಯದನ್ನು ದೇವರೇ ಕೊಡಬೇಕು, ಅದಕ್ಕಾಗಿ ತೊಟ್ಟಿಲ ಪಕ್ಕದಲ್ಲಿ ಈಗಿನಿಂದಲೇ ಪ್ರಾರ್ಥಿಸಿ. ಮಗುವಿಗೂ ನಿಮಗೂ ನನ್ನ ಆಶೀರ್ವಾದ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಐವತ್ತು ವರ್ಷದಿಂದ ಕರ್ತನನ್ನು ಹಿಂಬಾಲಿಸುತ್ತಿದ್ದೇನೆ. ನನ್ನ ಸಿಟ್ಟು ಕಡಿಮೆಯಾಗಿದೆ, ಹೋಗಿಲ್ಲ. ಹೋದ ತಿಂಗಳು ಮಗನ ಮೇಲೆ ಕೂಗಾಡಿದೆ, ಇನ್ನೂ ಮಾತಿಲ್ಲ. ಇದು ಯಾವಾಗ ಹೋಗುತ್ತದೆ? ಈ ವಯಸ್ಸಿನಲ್ಲಿ ನಾನೇ ಹೋಗಿ ಕ್ಷಮೆ ಕೇಳಬೇಕಾ?
— ಹಿರಿಯ ಓದುಗರು

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಕಡಿಮೆಯಾಗಿದೆ" ಅಂತ ಬರೆದಿದ್ದೀರಲ್ಲಾ, ಅದನ್ನು ಹಗುರ ಮಾಡಬೇಡಿ. ಐವತ್ತು ವರ್ಷ ಪವಿತ್ರಾತ್ಮನು ನಿಮ್ಮ ಜೊತೆ ಪಟ್ಟ ಶ್ರಮದ ಫಲ ಅದು. ಪೇತ್ರನನ್ನು ನೆನೆಸಿಕೊಳ್ಳಿ. ಪಂಚಾಶತ್ತಮ ದಿನದ ಪ್ರಸಂಗ ಆಗಿ ಎಷ್ಟೋ ವರ್ಷದ ಮೇಲೆ, ಅಂತಿಯೋಕ್ಯದಲ್ಲಿ ಜನಕ್ಕೆ ಹೆದರಿ, ಅನ್ಯಜನರ ಜೊತೆ ಊಟ ಮಾಡುವುದನ್ನು ಬಿಟ್ಟು ಹಿಂದೆ ಸರಿದ. ಮುಖ್ಯ ಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಯೇಸು ಯಾರೋ ಗೊತ್ತಿಲ್ಲ ಅಂದಾಗಿನ ಅದೇ ಹೆದರಿಕೆ. ಪೌಲ ಎಲ್ಲರ ಮುಂದೆ ಎದುರು ನಿಂತು ಗದರಿಸಿದ, ಗಲಾತ್ಯ 2ರಲ್ಲಿ ಇದೆ. ಆದರೂ 2 ಪೇತ್ರ 3:15ರಲ್ಲಿ ಪೇತ್ರ ಅದೇ ಪೌಲನನ್ನು ನಮ್ಮ ಪ್ರಿಯ ಸಹೋದರ ಅಂತ ಕರೆಯುತ್ತಾನೆ. ಹೆದರಿಕೆಯ ಹಳೇ ಎಳೆತ ಅವನಲ್ಲಿ ಪೂರ್ತಿ ಹೋಗಿರಲಿಲ್ಲ, ಆದರೆ ಅವನು ಬೇರೆಯೇ ಮನುಷ್ಯ ಆಗಿದ್ದ.

ಯಾವಾಗ ಹೋಗುತ್ತದೆ? ಕ್ರಿಸ್ತನು ಪ್ರತ್ಯಕ್ಷನಾದಾಗ ಆತನ ಹಾಗೆಯೇ ಆಗುತ್ತೇವೆ, ಯಾಕೆಂದರೆ ಆತನು ಇರುವ ಹಾಗೆಯೇ ಆತನನ್ನು ನೋಡುತ್ತೇವೆ ಅಂತ 1 ಯೋಹಾನ 3:2 ಹೇಳುತ್ತದೆ. ಕಣ್ಣಾರೆ ನೋಡುವ ದಿನ ಸಿಟ್ಟಿಗೆ ಜಾಗವೇ ಇರಲ್ಲ. ದೇಹದ ಬಿಡುಗಡೆಗೆ ಕಾಯುತ್ತಾ ನಾವೂ ನರಳುತ್ತೇವೆ ಅಂತ ಪೌಲನೇ ಒಪ್ಪಿಕೊಂಡಿದ್ದಾನೆ, ಹಾಗಾಗಿ ನೀವು ನರಳುವುದು ಸೋಲಲ್ಲ.

ಮಗನ ವಿಷಯ: ಹೌದು, ನೀವೇ ಹೋಗಿ. ಅವನದೂ ತಪ್ಪಿರಬಹುದು, ಅದನ್ನು ಅವತ್ತು ಎತ್ತಬೇಡಿ. "ಕೂಗಾಡಬಾರದಿತ್ತು, ಕ್ಷಮಿಸಪ್ಪ" ಅಂತ ಹೇಳಿ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಏನಾಯಿತು ಅಂತ ನನಗೂ ಒಂದು ಸಾಲು ಬರೆಯಿರಿ.